ಬೋಟಿಗೂ ಹಿಂಭಾರ

ಇವತ್ತು ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರಿನಲ್ಲಿ ಗೆಳೆಯನ ಸ್ಪೀಡ್ ಬೋಟ್ ಹತ್ತಿದ್ದೆ. ನಿಧಾನಕ್ಕೆ ಹೋಗುವಾಗ ಹಸುವಿನಷ್ಟು ಸಾಧು. ವೇಗ ಹೆಚ್ಚಿಸಿದ್ದೇ ತಡ, ಮೂತಿ ಏಳೋದು, ಧಪ್ ಅಂತ ಬೀಳೋದು. ನೀರಲ್ಲಿ ಅಲೆಯೇ ಇಲ್ಲ. ಮತ್ತೆ ಕುಣಿಸ್ತಿರೋದು ಯಾರು?

ನಾವೇ! ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಎರಡು ನೀರಿನ ಕ್ಯಾನು, ಬುತ್ತಿಗಂಟು, ಪಕ್ಕದಲ್ಲಿ ನಾನು, ಎಲ್ಲ ಹಿಂದೆ. ಸಾಲದ್ದಕ್ಕೆ ಇಂಜಿನ್ನಿನ ಟ್ರಿಮ್ (ಬೋಟಿನ ಹಿಂದಿರುವ ಇಂಜಿನ್ನನ್ನು ಎಷ್ಟು ಓರೆ ಮಾಡಿದೆ ಅನ್ನೋದು) ಬೇರೆ ಜಾಸ್ತಿ ಹೊರಗಿತ್ತು. ಚಕ್ಕಡಿ ಹೊಡೆದವರಿಗೆ ಇದು ಹೊಸದಲ್ಲ. ಹಿಂದೆ ಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ, ಅಲ್ವಾ?

ಗೆಳೆಯನ ಕಾಕಾ, "ತಮ್ಮಾ, ಗಂಟು ತಗೊಂಡು ಮುಂದ ಹೋಗಿ ಕುಂದ್ರು" ಅಂದರು. ಹೋದೆ. ಗೆಳೆಯ ಟ್ರಿಮ್ ಬಟನ್ ಒತ್ತಿ ಒತ್ತಿ ಬಿಟ್ಟ. ಇಂಜಿನ್ನಿನ ಕಾಲು, ಅಂದರೆ ನೀರಿನೊಳಗೆ ಫ್ಯಾನ್ ತಿರುಗುವ ಕೆಳಭಾಗ, ಬೋಟಿನ ಕಡೆ ಸ್ವಲ್ಪ ಸರಿಯಿತು, ಕುಣಿತ ನಿಂತಿತು. ಹುಮ್ಮಸ್ಸಿನಲ್ಲಿ ಪೂರ್ತಿ ಒಳಗೆ ತಂದ ನೋಡಿ, ಮೂತಿ ನೀರಿಗೆ ಒತ್ತಿ ಸ್ಟೇರಿಂಗ್ ಒಂದು ಕಡೆಗೇ ಎಳೆಯತೊಡಗಿತು. ಮತ್ತೆ ಒಂಚೂರು ಹೊರಗೆ.

ದಡಕ್ಕೆ ಬಂದು ಬುತ್ತಿ ಬಿಚ್ಚಿದರೆ ಶೇಂಗಾ ಹಿಂಡಿ, ಮೊಸರು ಎರಡೂ ಅಷ್ಟರಲ್ಲೇ ಕಲಸಿಹೋಗಿದ್ದವು.