ಒಂದು ಅಕ್ಷರ, ಒಂದು ಗುಡಾರ

ಮೇ 14, 2025, ಬುಧವಾರ

ಬೇಸಿಗೆ ಕೋರ್ಸಿನ ಮೂರನೇ ದಿನ ಮುಗಿಯಿತು. ರಾತ್ರಿ ಹತ್ತು ದಾಟಿದೆ, ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಬೆಳಗ್ಗೆಯ ಬೋರ್ಡೇ ಕಾಣುತ್ತದೆ.

ಒಟ್ಟು ಐದು ದಿನದ ಕೋರ್ಸು. ಬೆಳಗ್ಗೆ ಮೂರು ಗಂಟೆ ಹೊತ್ತು ಕ್ರೈಸ್ತ ದೈವಶಾಸ್ತ್ರ, ಮಧ್ಯಾಹ್ನ ಪ್ರಾರ್ಥನೆಯ ಅಭ್ಯಾಸ. ಕ್ರೆಡಿಟ್ ಬೇಕಾದವರು ಆಮೇಲೆ ಒಂದು ಪ್ರಬಂಧ ಬರೆದು ಕಳಿಸಬೇಕು. ನನಗೆ ಅದು ಬೇಡ, ಕೂತು ಕೇಳಿದರೆ ಸಾಕು. ಎರಡು ಸಾವಿರ ವರ್ಷದ ವಿಷಯವನ್ನು ಐದು ದಿನದಲ್ಲಿ ಹೇಗೆ ಮುಗಿಸುತ್ತಾರೆ ಅಂತ ಬರುವ ಮುಂಚೆ ಅನುಮಾನ ಇತ್ತು. ಮುಗಿಸುವ ಯೋಚನೆಯೇ ಅವರಿಗಿಲ್ಲ. ಸ್ವಲ್ಪವೇ ತೆಗೆದುಕೊಳ್ಳುತ್ತಾರೆ, ಅದರ ಮುಂದೆ ನಮ್ಮನ್ನು ತುಂಬಾ ಹೊತ್ತು ಕೂರಿಸುತ್ತಾರೆ.

ಇವತ್ತು ಬೆಳಗ್ಗೆ ಪೂರ್ತಿ ನೈಸಿಯಾ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕರೆದ ಬಿಷಪ್ಪರ ಮಹಾಸಭೆ ಅದು. ಈ ವರ್ಷಕ್ಕೆ ಸರಿಯಾಗಿ 1700 ವರ್ಷ. ಮಗನು, ಅಂದರೆ ಯೇಸು, ಎಷ್ಟೇ ದೊಡ್ಡವನಾದರೂ ತಂದೆಯಾದ ದೇವರು ಸೃಷ್ಟಿಸಿದವನೇ ಅಂತ ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ ಕಲಿಸುತ್ತಿದ್ದ. ಸಭೆ ಒಪ್ಪಲಿಲ್ಲ. ಮಗ ತಂದೆಯೊಂದಿಗೆ 'ಹೊಮೊಊಸಿಯೊಸ್', ಅಂದರೆ ಒಂದೇ ಸತ್ವದವನು ಅಂತ ವಿಶ್ವಾಸ ಪ್ರಮಾಣದಲ್ಲಿ ಬರೆದಿಟ್ಟಿತು.

ಮೇಷ್ಟ್ರು ಆ ಗ್ರೀಕ್ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಅದರ ಕೆಳಗೆ ಇನ್ನೊಂದು, 'ಹೊಮೊಯಿಊಸಿಯೊಸ್'. ಸತ್ವದಲ್ಲಿ ಹೋಲುವವನು ಅಂತ ಅದರ ಅರ್ಥ. ಜಾಸ್ತಿ ಇರುವುದು ಒಂದೇ ಅಕ್ಷರ, ಅಯೋಟಾ. ನೋಡಲು ಒಂದು ಸಣ್ಣ ಗೀಟು. ಅದನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಬರೆದಿದ್ದರು. ನೈಸಿಯಾದಲ್ಲೇ ಈ ಅಕ್ಷರಕ್ಕಾಗಿ ಜಗಳ ಆಯಿತು ಅಂತ ನಾನು ಇಷ್ಟು ದಿನ ನಂಬಿದ್ದೆ. ಹಾಗಲ್ಲ. ಎರಡನೇ ಪದದ ಸುತ್ತ ವಾದ ಎದ್ದದ್ದು 350ರ ದಶಕದಲ್ಲಿ. ಸಭೆ ಮುಗಿದರೂ ಮಾತು ಮುಗಿದಿರಲಿಲ್ಲ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯವರೆಗೂ ಅದು ಎಳೆದುಕೊಂಡು ಬಂತು.

ಆ ಕಾಲದ ಕಾನ್‌ಸ್ಟಾಂಟಿನೋಪಲ್ ಹೇಗಿತ್ತು ಅಂತ ನಿಸ್ಸಾದ ಬಿಷಪ್ ಗ್ರೆಗರಿ ಹೇಳಿದ್ದಾರೆ. ಚಿಲ್ಲರೆ ಕೇಳಿದರೆ ಜನಿಸಿದವನು ಯಾರು, ಜನಿಸದವನು ಯಾರು ಅಂತ ಶುರುಮಾಡುತ್ತಾರೆ. ರೊಟ್ಟಿಗೆ ಎಷ್ಟಪ್ಪಾ ಅಂದರೆ ತಂದೆ ದೊಡ್ಡವನು, ಮಗ ಅವನಿಗಿಂತ ಕೆಳಗೆ ಅನ್ನುತ್ತಾರೆ. ಸ್ನಾನಕ್ಕೆ ಎಲ್ಲ ತಯಾರಾ ಅಂದರೆ, ಮಗ ಶೂನ್ಯದಿಂದ ಬಂದವನು ಅಂತ ಉತ್ತರ. ಗ್ರೆಗರಿಗೆ ಇದರಿಂದ ಬೇಸರವಾಗಿತ್ತು. ನನಗೆ ಮಾತ್ರ ಆ ಊರಿನ ಮೇಲೆ ಪ್ರೀತಿ ಹುಟ್ಟಿತು. ರೊಟ್ಟಿ ಮಾರುವವನಿಗೂ ಇದು ತನ್ನ ವಿಷಯ ಅನ್ನಿಸಿತ್ತಲ್ಲ.

ಏರಿಯಸ್‌ನ ವಾದವನ್ನು ಕಡೆಯವರೆಗೂ ವಿರೋಧಿಸಿದ ಅಥನೇಸಿಯಸ್ ನೈಸಿಯಾಕ್ಕೆ ಹೋದಾಗ ಇನ್ನೂ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ದರ್ಜೆಯವರು. ಆಮೇಲೆ ಬಿಷಪ್ ಆದರು, ಮಗ ತಂದೆಯ ಸತ್ವದವನೇ ಅನ್ನುವ ಹಟಕ್ಕೆ ಐದು ಸಲ ಗಡೀಪಾರಾದರು. ಅವರ ವಾದ ಕೇಳಿದಾಗ ನನ್ನ ಪೆನ್ನು ನಿಂತುಹೋಯಿತು. ಸೃಷ್ಟಿಯಾದವನು ಇನ್ನೊಂದು ಸೃಷ್ಟಿಯನ್ನು ದೇವರೊಂದಿಗೆ ಸೇರಿಸಲಾರ. ನಮ್ಮನ್ನು ಹುಡುಕಿಕೊಂಡು ಬಂದವನು ದೇವರೇ ಅಲ್ಲದಿದ್ದರೆ, ನಾವು ಇನ್ನೂ ಇದ್ದಲ್ಲೇ ಇದ್ದೇವೆ. ವಿಶ್ವಾಸ ಪ್ರಮಾಣದ 'ಒಂದೇ ಸತ್ವದವನು' ಅನ್ನುವ ಆ ಸಾಲನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಹೇಳುತ್ತಾ ಬಂದಿದ್ದೇನೆ. ಅದು ನನ್ನ ಬಗ್ಗೆಯೂ ಇರುವ ಸಾಲು ಅಂತ ಇವತ್ತೇ ಗೊತ್ತಾಗಿದ್ದು.

ಮಧ್ಯಾಹ್ನ ಲೆಕ್ತಿಯೋ ದಿವೀನಾ, ಅಂದರೆ ಬೈಬಲನ್ನು ಪ್ರಾರ್ಥನೆಯಾಗಿ ಓದುವ ಪದ್ಧತಿ. ಓದುವುದು, ಧ್ಯಾನಿಸುವುದು, ಪ್ರಾರ್ಥಿಸುವುದು, ಕೊನೆಗೆ ಸುಮ್ಮನೆ ದೇವರ ಮುಂದೆ ಇರುವುದು. ಈ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲಿ ಗಿಗೋ ಎಂಬ ಕಾರ್ತೂಸಿಯನ್ ಪಂಥದ ಸನ್ಯಾಸಿ ವಿವರಿಸಿದ್ದು ಊಟದ ಲೆಕ್ಕದಲ್ಲಿ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿ ತೆಗೆಯುತ್ತದೆ, ಕೊನೆಯದು ಆ ಸಿಹಿಯೇ.

ಒಂದೂವರೆ ಗಂಟೆಯ ಅವಧಿಗೆ ಒಂದೇ ವಚನ ಕೊಟ್ಟರು. ಯೋಹಾನ 1:14. ವಾಕ್ಯ ಅಂದರೆ ಅಲ್ಲಿ ಯೇಸು. ವಾಕ್ಯವು ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿತು ಅಂತ ನಾವು ಓದುವ ಜಾಗದಲ್ಲಿ, ಗ್ರೀಕಿನಲ್ಲಿರುವ ಕ್ರಿಯಾಪದದ ಬೇರು ಗುಡಾರ. ನಮ್ಮ ನಡುವೆ ಗುಡಾರ ಹಾಕಿದ ಅಂದ ಹಾಗೆ ಅದರ ಅರ್ಥ. ಮೂರು ಸಲ ನಿಧಾನವಾಗಿ ಓದಿದರು. ಮೊದಲ ಅರ್ಧ ಗಂಟೆ ನನ್ನ ಮನಸ್ಸು ನಿಲ್ಲಲೇ ಇಲ್ಲ. ಆಮೇಲೆ ಆ ಒಂದು ಪದ ಹಿಡಿದುಕೊಂಡಿತು.

ಮೌನ ಮುಗಿದ ಮೇಲೆ ಪಕ್ಕದಲ್ಲಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿಗೆ ಹೇಳಿದೆ, "ಗುಡಾರ ಅಂದರೆ ಕಿತ್ತುಕೊಂಡು ಹೋಗಿಬಿಡಬಹುದಲ್ವಾ ಸಿಸ್ಟರ್? ನನಗೆ ಅದೇ ಭಯ ಆಯಿತು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಮರುಭೂಮಿಯಲ್ಲಿ ಇಸ್ರಾಯೇಲರ ದೇವದರ್ಶನದ ಗುಡಾರ ಯಾವಾಗ ಕೀಳುತ್ತಿದ್ದರು ಹೇಳಿ? ಜನ ಹೊರಟಾಗ. ಮನೆ ಕಟ್ಟಿಕೊಂಡವನು ನಮ್ಮ ಹಿಂದೆ ಬರೋಕಾಗಲ್ಲ ಮಗಾ" ಅಂದರು.

ನೋಟ್‌ಬುಕ್ಕಿನಲ್ಲಿ ಒಂದು ಪುಟ ಪೂರ್ತಿ ಖಾಲಿ ಬಿಟ್ಟು, ನಡುವೆ ಅವರ ಮಾತು ಮಾತ್ರ ಬರೆದುಕೊಂಡಿದ್ದೇನೆ.

ನಾಳೆಗೆ ಇಂಗ್ಲೆಂಡಿನ ಏಕಾಂತವಾಸಿನಿ ನಾರ್ವಿಚ್ಚಿನ ಜೂಲಿಯನ್ ಬರೆದದ್ದರಲ್ಲಿ ಹತ್ತು ಪುಟ ಓದಿಕೊಂಡು ಬರಲು ಹೇಳಿದ್ದಾರೆ. 1373ರಲ್ಲಿ ಸಾವಿನ ಹತ್ತಿರ ಹೋಗಿದ್ದಾಗ ಅವರು ಕಂಡ ದರ್ಶನಗಳು. ಅಂಗೈಯಲ್ಲಿ ಹೇಝಲ್ ಕಾಯಿಯಷ್ಟು ಚಿಕ್ಕದೊಂದು ವಸ್ತು. ಇದೇನು ಅಂತ ಯೋಚಿಸಿದರೆ, ಸೃಷ್ಟಿಯಾದದ್ದೆಲ್ಲ ಇದೇ ಅಂತ ಉತ್ತರ. ಇಷ್ಟು ಸಣ್ಣದು ಇಲ್ಲವಾಗದೆ ಹೇಗೆ ಉಳಿದಿದೆ ಅಂತ ಅವರಿಗೆ ಆಶ್ಚರ್ಯ. ದೇವರು ಅದನ್ನು ಪ್ರೀತಿಸುವುದರಿಂದ ಉಳಿದಿದೆ, ಮುಂದೆಯೂ ಉಳಿಯುತ್ತದೆ. ಇಲ್ಲಿಗೆ ನಿಲ್ಲಿಸಿದ್ದೇನೆ. ಉಳಿದ ಪುಟ ಬೆಳಗ್ಗೆ ಬೇಗ ಎದ್ದು ಓದುತ್ತೇನೆ.