ಬಲಿತ ಕಾಯಿ

ತುಲಾ ಸಂಕ್ರಮಣಕ್ಕೆ ಎರಡು ದಿನ ಇರುವಾಗ ತಲೆಗೆ ಬಣ್ಣ ಹಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದೆ. ಹೆಗಲ ಮೇಲೆ ಹಳೇ ಟವೆಲ್, ಕಿವಿಯ ತುದಿಗೆಲ್ಲ ಕಪ್ಪು. ಕರಿಬೇವು ಕೀಳಲು ಬಂದ ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. "ಕಾವೇರಮ್ಮನಿಗೆ ನಿನ್ನ ಗುರುತು ಸಿಗಬೇಡ್ವಾ ಮಗಾ?" ಅಂದು ಒಳಗೆ ಹೋದರು. ಬೈದದ್ದಲ್ಲ, ತಮಾಷೆ. ಆದರೆ ನನಗೀಗ 52. ಈ ವಯಸ್ಸಲ್ಲಿ ತಮಾಷೆಯೂ ಸ್ವಲ್ಪ ಚುಚ್ಚುತ್ತದೆ.

ಅತ್ತೆಗೆ 81. ಹತ್ತಿಯಂಥ ಬಿಳಿ ಕೂದಲು, ನಿಂಬೆಹಣ್ಣಿನಷ್ಟು ತುರುಬು. ಕೊಡಗಿನ ರೀತಿಯಲ್ಲಿ ನೆರಿಗೆ ಹಿಂದೆ ಬರುವ ಹಾಗೆ ಸೀರೆ ಉಡುತ್ತಾರೆ. ನದಿಯಾಗಿ ಹೊರಟ ಕಾವೇರಮ್ಮನನ್ನು ಬಲಮುರಿಯಲ್ಲಿ ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ನೆರಿಗೆಯೆಲ್ಲ ಹಿಂದಕ್ಕೆ ತಿರುಗಿಬಿಟ್ಟಿತಂತೆ, ಆ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ಅತ್ತೆಯ ಬೆರಳು ಮಡಚುವುದಿಲ್ಲ. ಈಗ ನೆರಿಗೆ ಹಿಡಿಯುವವಳು ನಾನು. ಹಿಂದೆ ನಿಂತು ಒಂದೊಂದೇ ಮಡಿಕೆ ಹಾಕುವಾಗ ಅವರ ಬೆನ್ನು ಎಷ್ಟು ಚಿಕ್ಕದಾಗಿದೆ ಅನ್ನುವುದು ಗೊತ್ತಾಗುತ್ತದೆ. "ನೆಟ್ಟಗೆ ಹಿಡಿ, ಏಳು ನೆರಿಗೆ ಬರಬೇಕು" ಅನ್ನುವ ಗತ್ತು ಮಾತ್ರ ಚಿಕ್ಕದಾಗಿಲ್ಲ.

ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ಗಳಿಗೆಗೆ ತೀರ್ಥೋದ್ಭವ ಅನ್ನುತ್ತೇವೆ. 2025ರಲ್ಲಿ ಅದು ಅಕ್ಟೋಬರ್ 17ರ ಮಧ್ಯಾಹ್ನ 1.44ಕ್ಕೆ ಇತ್ತು. ಹಿಂದಿನ ವರ್ಷ ಬೆಳಿಗ್ಗೆ 7.40ಕ್ಕೆ. ಅದರ ಹಿಂದಿನ ವರ್ಷ, 2023ರಲ್ಲಿ, ನಡುರಾತ್ರಿ ಕಳೆದು 1.27ಕ್ಕೆ. ನಾವೆಲ್ಲ ಪ್ರತಿ ವರ್ಷ ಪೇಪರ್ ನೋಡಿ, ವಾಟ್ಸ್ಆ್ಯಪ್ ನೋಡಿ ಸಮಯ ತಿಳಿದುಕೊಳ್ಳುತ್ತೇವೆ. ಅತ್ತೆ ಬೇಸಿಗೆಯಲ್ಲೇ ಹೇಳಿದ್ದರು, "ಈ ಸಲ ಮಧ್ಯಾಹ್ನ, ಊಟ ಕಟ್ಟಿಕೊಂಡು ಹೋಗಬೇಕು" ಅಂತ. ಪಂಚಾಂಗ ತೆರೆದವರೇ ಅಲ್ಲ. ಒಂದು ವರ್ಷ ರಾತ್ರಿ, ಮರುವರ್ಷ ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ಸಂಜೆ, ತಿರುಗಿ ರಾತ್ರಿ. ಸೂರ್ಯ ತುಲಾ ರಾಶಿಗೆ ಬರುವ ಹೊತ್ತು ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಹೋಗುತ್ತದೆ, ಅದಕ್ಕೇ ಹೀಗೆ. ನನಗೆ ಇದು ಮಗಳು ಕೂರಿಸಿಕೊಂಡು ವಿವರಿಸಿದಾಗ ಅರ್ಥವಾದದ್ದು. ಅತ್ತೆಗೆ ಹೋಗಿ ಹೋಗಿ ಗೊತ್ತಾದದ್ದು. ಇಂಥದ್ದನ್ನು ತಿಳಿಯಲು ಬೇರೆ ದಾರಿಯೇ ಇಲ್ಲ, ಅಷ್ಟು ವರ್ಷ ಬದುಕಬೇಕು ಅಷ್ಟೇ.

ಭಾಗಮಂಡಲದಲ್ಲಿ ಸಂಗಮದ ನೀರು ತಲೆಗೆ ಚಿಮುಕಿಸಿಕೊಂಡೆವು. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ. ಭಗಂಡೇಶ್ವರನಿಗೆ ಕೈಮುಗಿದು ಮೇಲೆ ತಲಕಾವೇರಿಗೆ, ಎಂಟು ಕಿಲೋಮೀಟರ್. ಜನವೋ ಜನ. ಮೆಟ್ಟಿಲಿನ ಹತ್ತಿರ ಅತ್ತೆ ನಿಂತುಬಿಟ್ಟರು. ಬ್ರಹ್ಮಗಿರಿಯ ತುದಿಗೆ ಓಡಿ ಹತ್ತುತ್ತಿದ್ದ ಹೆಂಗಸು ಅವರು. ಅಲ್ಲೇ ಒಂದು ಕಟ್ಟೆಯ ಮೇಲೆ ಕೂತು, "ನೀ ಹೋಗು, ನಾನು ಇಲ್ಲಿಂದಲೇ ಕೇಳಿಸಿಕೊಳ್ತೇನೆ" ಅಂದರು. ಕೇಳಿಸಿಕೊಳ್ಳುವುದು ಏನನ್ನು ಅಂತ ಆಮೇಲೆ ಗೊತ್ತಾಯಿತು. ಬ್ರಹ್ಮಕುಂಡಿಕೆಯ ಆ ಪುಟ್ಟ ಚೌಕದಲ್ಲಿ ನೀರು ಉಕ್ಕಿತು ಅನ್ನುವಾಗ ಸಾವಿರ ಬಾಯಿ ಒಟ್ಟಿಗೆ ಕೂಗುತ್ತವಲ್ಲ, ಆ ಕೂಗು. ಅರ್ಚಕರು ತೀರ್ಥ ಎರಚಿದರು, ನಾನು ನೂಕಿಸಿಕೊಂಡು ಬಿಂದಿಗೆಗೆ ಒಂದಿಷ್ಟು ತುಂಬಿಸಿಕೊಂಡು ಇಳಿದು ಬಂದೆ.

ಅತ್ತೆ ಕೈ ಒಡ್ಡಿದರು. ಬೆರಳುಗಳು ಕೂಡುವುದಿಲ್ಲ, ತೀರ್ಥವೆಲ್ಲ ಸಂದಿನಿಂದ ಸೋರಿಹೋಯಿತು. ಎರಡನೇ ಸಲ ಅವರ ಕೈಯ ಅಡಿಗೆ ನನ್ನ ಕೈ ಹಿಡಿದೆ. ಆಗ ನೀರು ನಿಂತಿತು. ಆ ಅಂಗೈ ನೋಡಿ ನೀವು, ಐವತ್ತು ವರ್ಷ ಕಾಫಿ ಕುಯ್ದ ಕೈ ಅದು. ಗೆರೆ ಯಾವುದು, ಸುಕ್ಕು ಯಾವುದು, ಹಳೇ ಕತ್ತಿ ಗಾಯ ಯಾವುದು ಹೇಳಲಿಕ್ಕಾಗುವುದಿಲ್ಲ. ಎಲ್ಲದರಲ್ಲೂ ಒಂದೊಂದು ಎಳೆ ನೀರು ಹೊಳೆಯುತ್ತಿತ್ತು. ಅತ್ತೆ ಕುಡಿದು, ಒದ್ದೆ ಕೈಯನ್ನು ನನ್ನ ತಲೆಗೆ ಸವರಿ, ಅಂಗೈ ತಿರುಗಿಸಿ ನೋಡಿಕೊಂಡು ಹೇಳಿದರು: "ಬಣ್ಣ ಬಿಡಲಿಲ್ಲ. ಒಳ್ಳೇ ಮಾಲು."

ಮರುದಿನ ನಮ್ಮಲ್ಲಿ ಕಣಿ ಪೂಜೆ. ಗೊತ್ತಿಲ್ಲದವರಿಗೆ ಸುಮ್ನೆ ಒಂದು ಮಾತು: ಬೆಳಗಿನ ಜಾವ ತೆಂಗಿನಕಾಯಿಯನ್ನೋ ಸೌತೆಕಾಯಿಯನ್ನೋ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಒಡವೆ ಹಾಕಿ, ತಟ್ಟೆಯಲ್ಲಿ ಅಕ್ಕಿಯ ಮೇಲೆ ಕೂರಿಸುತ್ತೇವೆ. ಅದೇ ಕಾವೇರಮ್ಮ. ನಮ್ಮ ಮನೆಯಲ್ಲಿ ತೆಂಗಿನಕಾಯಿ. ಬೆಂಗಳೂರಿನಿಂದ ಬಂದ ಮಗಳು ಇದ್ದುದರಲ್ಲಿ ನುಣುಪಾದ, ಬೆಳ್ಳಗಿನ ಕಾಯಿ ಆರಿಸಿ ತಂದಳು. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಉಗುರಲ್ಲಿ ತಟ್ಟಿ, ವಾಪಸು ಕೊಟ್ಟರು.

"ಇದು ಎಳಸು. ಚಟ್ನಿಗಾಗುತ್ತೆ."

ಆಮೇಲೆ ಅವರೇ ಮೂಲೆಯಿಂದ ಒಂದನ್ನು ತೆಗೆದರು. ಕಂದು ಬಣ್ಣ, ನಾರು ನಾರು, ಮೈತುಂಬ ಗೆರೆ. ಮುಖ ತೊಳೆಸಿದ ಹಾಗೆ ನೀರಲ್ಲಿ ತೊಳೆದು, ತಮ್ಮ ಮದುವೆಯ ರೇಷ್ಮೆಯ ತುಂಡು ಸುತ್ತಿಸಿ, ಸರ ಹಾಕಿಸಿದರು. ದೀಪದ ಬೆಳಕಿನಲ್ಲಿ ನೋಡಿದರೆ, ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಏನೋ ಒಂದು ಕಳೆ ಬಂದುಬಿಟ್ಟಿತ್ತು.

ಮಾವ ತೀರಿಕೊಂಡ ವರ್ಷ ಅತ್ತೆ ಮೊದಲ ಅಕ್ಕಿ ಹಾಕಲು ಹಿಂದೆ ಸರಿದಿದ್ದರು. ನನ್ನ ಗಂಡ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದ್ದರು. ಆಗಿನಿಂದ ಆ ಮಾತೇ ಬಂದಿಲ್ಲ.

ಪೂಜೆ ಮುಗಿದ ಮೇಲೆ ಚಿಕ್ಕವರು ದೊಡ್ಡವರ ಕಾಲು ಹಿಡಿಯಬೇಕು. ಹಬ್ಬದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಗಳಿಗೆ ಇದು. ಅತ್ತೆಯ ಹಿಮ್ಮಡಿ ಬಿರುಕಿನಲ್ಲಿ ಕೆಮ್ಮಣ್ಣು ಕೂತಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎಡ ಹೆಬ್ಬೆರಳಿನ ಉಗುರು ಕಪ್ಪು, ಯಾವುದೋ ಕಾಲದಲ್ಲಿ ಏಣಿ ಬಿದ್ದದ್ದಂತೆ. ಕಾಲುಂಗುರ ತೆಗೆದ ಜಾಗದಲ್ಲಿ ಬೆರಳು ಇನ್ನೂ ಸಣ್ಣಗಾಗಿಯೇ ಇದೆ. "81 ಅನ್ನೋಕೇ ಆಗಲ್ಲ, 60ರ ಹಾಗಿದ್ದೀರಿ" ಅಂತ ಬಂದವರು ಹೊಗಳುವುದುಂಟು. ನನಗೆ ಆ ಹೊಗಳಿಕೆ ಸೇರುವುದಿಲ್ಲ. ಇಷ್ಟು ದೂರ ನಡೆದು ಬಂದವರಿಗೆ, ನೀವು ನಡೆದೇ ಇಲ್ಲ ಅಂದ ಹಾಗೆ ಅಲ್ವಾ?

ದೋಸೆ, ಕುಂಬಳಕಾಯಿ ಸಾರು ಆದ ಮೇಲೆ ಮಗಳು ಅಜ್ಜಿಯ ಜೊತೆ ಸೆಲ್ಫಿ ತೆಗೆದಳು. ಅದರಲ್ಲಿ ಮುಖ ನುಣುಪು ಮಾಡುವ ಫಿಲ್ಟರ್ ಇತ್ತು, ಸುಕ್ಕೆಲ್ಲ ಮಾಯ. ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ನನ್ನ ತಂಗಿ ಕಂಡ ಹಾಗೆ ಕಾಣ್ತದೆ" ಅಂದರು.

ತಂಗಿ ನಲವತ್ತು ದಾಟುವ ಮೊದಲೇ ತೀರಿಕೊಂಡವರು. ಮಗಳು ಏನೂ ಮಾತಾಡದೆ ಫಿಲ್ಟರ್ ತೆಗೆದು ಇನ್ನೊಂದು ಫೋಟೋ ಹೊಡೆದಳು. ಅದನ್ನು ನೋಡಿ ಅತ್ತೆ, "ಹಾಂ, ಇದು ನಾನು" ಅಂದರು.

ಬಿಂದಿಗೆಯ ತೀರ್ಥವನ್ನು ಚಿಕ್ಕ ಬಾಟಲಿಗೆ ಸೋಸಿ ದೇವರ ಗೂಡಿನಲ್ಲಿ ಇಟ್ಟೆ. ಮನೆಯಲ್ಲಿ ಯಾರಿಗಾದರೂ ಕೊನೆಗಾಲ ಬಂದರೆ ಬಾಯಿಗೆ ಬಿಡಲು ವರ್ಷಪೂರ್ತಿ ಇಟ್ಟುಕೊಳ್ಳುವುದು ವಾಡಿಕೆ. ಬಾಟಲಿ ಇಡುವಾಗ ನನ್ನ ಕೈ ಸ್ವಲ್ಪ ತಡೆಯಿತು. ಅತ್ತೆ ಹಿಂದೆಯೇ ನಿಂತಿದ್ದರು, ಗಮನಿಸಿದರೋ ಏನೋ.

"ಮುಚ್ಚಳ ಬಿಗಿಯಾಗಿ ಹಾಕು" ಅಂದರು. "ಬರುವ ವರ್ಷ ಸಂಜೆ ಹೊತ್ತು. ಚಳಿ ಇರ್ತದೆ. ನನ್ನ ಸ್ವೆಟರ್‌ಗೆ ಒಂದು ಗುಂಡಿ ಹೊಲಿಯಬೇಕು, ನೆನಪು ಮಾಡು."