ಎರಡನೇ ಭೇಟಿಯ 50 ನಿಮಿಷ

ಕುಡಿತ, ಗಾಂಜಾದ ಬಗ್ಗೆ ನಮ್ಮಲ್ಲಿಗೆ ಆಪ್ತಸಮಾಲೋಚನೆಗೆಂದು ಎರಡನೇ ಸಲ ಬರುವ ವಿದ್ಯಾರ್ಥಿಯ ಮುಖದಲ್ಲಿ ಫಲಿತಾಂಶ ನೋಡಲು ಬಂದವನ ಕಳವಳ ಇರುತ್ತದೆ. ಮೊದಲ ಭೇಟಿಯಲ್ಲಿ ಪ್ರಶ್ನೆ ಕೇಳಿದ್ದಾಯಿತು, ಇವತ್ತು ತೀರ್ಪು ಎಂದು ಅವನ ಲೆಕ್ಕ. ಈ ಮಧ್ಯಾಹ್ನ ಬಂದ 3ನೇ ವರ್ಷದ ಹುಡುಗ ಕೂರುವ ಮೊದಲೇ, "ನಾನೇನೂ ಕುಡುಕ ಅಲ್ಲ ಮೇಡಂ" ಎಂದ. ಶಿಸ್ತು ಸಮಿತಿ ಕಳಿಸಿದವರು ಹೆಚ್ಚುಕಡಿಮೆ ಹೀಗೇ ಶುರುಮಾಡುತ್ತಾರೆ. ಅದಕ್ಕೆ ಎದುರುವಾದ ಹೂಡಿದರೆ ಭೇಟಿ ಅಲ್ಲಿಗೇ ಮುಗಿದಂತೆ. "ಆ ಹೆಸರು ಹಚ್ಚೋದು ಇಲ್ಲಿನ ಕೆಲಸ ಅಲ್ಲ, ಕೂತ್ಕೊಳ್ಳಿ" ಎಂದರೆ ಸಾಕು.

ಈ ಎರಡು ಭೇಟಿಗಳ ಕ್ರಮ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಮತ್ತು ಸಂಗಡಿಗರು ರೂಪಿಸಿದ ‘ಬೇಸಿಕ್ಸ್’ ಕಾರ್ಯಕ್ರಮದ್ದು. ಅದರ ಕೈಪಿಡಿ 1999ರಲ್ಲಿ ಬಂತು. ಮೊದಲ ಭೇಟಿ ಮಾಹಿತಿ ಸಂಗ್ರಹಕ್ಕೆ, ಎರಡನೆಯದು ಆ ಮಾಹಿತಿಯನ್ನು ಅವನ ಮುಂದಿಟ್ಟು ಮಾತಾಡುವುದಕ್ಕೆ. ಪೂರ್ತಿ ಬಿಡಬೇಕೆಂಬ ಷರತ್ತಿಲ್ಲ. ಬಿಡುತ್ತೇನೆಂದರೆ ಒಳ್ಳೆಯದೇ, ಬಿಡದಿದ್ದರೆ ಅಪಾಯವನ್ನಾದರೂ ಇಳಿಸುವುದು ಗುರಿ.

ಮೊದಲ ಭೇಟಿಯಿಂದ ತಯಾರಾದ ಇವನ ಹಾಳೆಯಲ್ಲಿ ಎರಡು ಅಂಕಗಳಿವೆ. ಕುಡಿತ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿಯಲ್ಲಿ 10 ಪ್ರಶ್ನೆ, ಒಟ್ಟು 40 ಅಂಕ, ಇವನದು 14. 8ರಿಂದ ಮೇಲೆ ಅಪಾಯದ ಕುಡಿತ, 20ರಿಂದ ಮೇಲೆ ಸಂಕ್ಷಿಪ್ತ ಆಪ್ತಸಮಾಲೋಚನೆಯ ಕೈಮೀರಿದ್ದು. ಗಾಂಜಾಕ್ಕೆ ಕ್ಯುಡಿಟ್-ಆರ್ ಎಂಬ ಅಂಥದೇ ಪ್ರಶ್ನಾವಳಿ ಇದೆ: 8 ಪ್ರಶ್ನೆ, 32 ಅಂಕ. 8 ಬಂದರೆ ಎಚ್ಚರ, 12 ಬಂದರೆ ವಿವರವಾದ ತಪಾಸಣೆ. ಇವನದು 9. ಅಂಕಗಳಿಗಿಂತ ಕೆಲಸಕ್ಕೆ ಬರುವುದು ಕಳೆದ 30 ದಿನಗಳ ಕ್ಯಾಲೆಂಡರ್. "ವಾರಕ್ಕೆ ಎಷ್ಟು ಸಲ?" ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ಪರೀಕ್ಷೆ, ಹುಟ್ಟುಹಬ್ಬ, ಮ್ಯಾಚ್, ಮನೆಗೆ ಹೋದ ದಿನ, ಇಂಥವನ್ನು ಮೊದಲು ಗುರುತು ಹಾಕಿಸಿ ನಂತರ ಒಂದೊಂದೇ ದಿನ ತುಂಬಿಸಿದರೆ ಮರೆತ ಬುಧವಾರಗಳೂ ನೆನಪಾಗುತ್ತವೆ.

"ಒಂದ್ಸಲಕ್ಕೆ ಮೂರು ಪೆಗ್ ಅಷ್ಟೇ ಮೇಡಂ" ಎಂದಿದ್ದ. ಶೇ. 40ರ ಮದ್ಯದ 30 ಮಿಲಿ ಪೆಗ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 9.5 ಗ್ರಾಂ. ಮೂರಕ್ಕೆ 28 ಗ್ರಾಂ ಆಯಿತು. ಖಾಲಿ ಲೋಟ, ಒಂದು ಜಗ್ ನೀರು ಕೊಟ್ಟು, "ರೂಮಲ್ಲಿ ಎಷ್ಟು ಹಾಕ್ಕೊಳ್ತೀರೋ ಅಷ್ಟು ಹಾಕಿ" ಎಂದರೆ ಚಿತ್ರ ಬದಲಾಗುತ್ತದೆ. ಅವನು ಸುರಿದದ್ದನ್ನು ಅಳತೆ ಪಾತ್ರೆಗೆ ಬಗ್ಗಿಸಿದಾಗ 75 ಮಿಲಿ. ಮೂರು ಸಲಕ್ಕೆ 71 ಗ್ರಾಂ. ತೂಕ 65 ಕೆಜಿ, ಸಮಯ 3 ಗಂಟೆ ಎಂದು ವಿಡ್‌ಮಾರ್ಕ್ ಸೂತ್ರಕ್ಕೆ ಹಾಕಿದರೆ, ಅವನು ಅಂದುಕೊಂಡ ಲೆಕ್ಕದಲ್ಲಿ ರಕ್ತದ ಮದ್ಯಾಂಶ ಶೇ. 0.02, ಸುರಿದ ಲೆಕ್ಕದಲ್ಲಿ ಶೇ. 0.11ಕ್ಕೂ ಮೇಲೆ. ಇದು ಅಂದಾಜು ಮಾತ್ರ, ಹೊಟ್ಟೆಯಲ್ಲಿ ಊಟವಿತ್ತೇ ಎಂಬುದರ ಮೇಲೂ ಹೆಚ್ಚುಕಡಿಮೆ ಆಗುತ್ತದೆ ಎಂಬುದನ್ನೂ ಹೇಳಬೇಕು. ಇಳಿಯುವ ವೇಗ ಗಂಟೆಗೆ ಸುಮಾರು ಶೇ. 0.015. ನಡುರಾತ್ರಿ ನಿಲ್ಲಿಸಿದವನು ಸೊನ್ನೆಗೆ ಬರುವಾಗ ಬೆಳಗಿನ 7 ದಾಟಿರುತ್ತದೆ. ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಓಡಿಸುವುದಿಲ್ಲ.

‘ಒಂದು ಡ್ರಿಂಕ್’ ಎಂಬ ಅಳತೆಯನ್ನು ನಂಬಿ ಕೂತರೆ ಲೆಕ್ಕ ತಪ್ಪುತ್ತದೆ. ಬ್ರಿಟನ್ನಿನ ಯೂನಿಟ್ 8 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 10, ಅಮೆರಿಕದ್ದು 14. ಆನ್‌ಲೈನ್ ಕ್ಯಾಲ್ಕುಲೇಟರ್ ಯಾವ ದೇಶದ್ದೆಂದು ನೋಡದೆ ಬಳಸುವ ಸಮಾಲೋಚಕರೂ ಇದ್ದಾರೆ. ಗ್ರಾಂನಲ್ಲೇ ಮಾತಾಡುವುದು ವಾಸಿ. ಬಿಯರ್‌ಗೂ ಅಷ್ಟೇ: ಶೇ. 5ರ 330 ಮಿಲಿಯಲ್ಲಿ 13 ಗ್ರಾಂ, ಶೇ. 8ರ 500 ಮಿಲಿಯಲ್ಲಿ 31 ಗ್ರಾಂಗೂ ಹೆಚ್ಚು. ಇದನ್ನು ಕುಡಿದವನೂ ಅದನ್ನು ಕುಡಿದವನೂ "ಒಂದೇ ಬಿಯರ್" ಎನ್ನುತ್ತಾರೆ.

ಮುಂದಿನ ಹಾಳೆ ಬೇರೆಯವರ ಕುಡಿತದ್ದು. ನಿಮಗಿಂತ ಜಾಸ್ತಿ ಕುಡಿಯುವವರು ಹತ್ತರಲ್ಲಿ ಎಷ್ಟು ಮಂದಿ ಎಂದು ಮೊದಲ ದಿನವೇ ಊಹಿಸಲು ಹೇಳಿರುತ್ತೇವೆ. "ಆರು ಜನ" ಎಂದಿದ್ದ. ಅವನು ಓದುವ ವಿಶ್ವವಿದ್ಯಾಲಯದ್ದೇ ಸಮೀಕ್ಷೆಯ ಸಂಖ್ಯೆ ಅದಕ್ಕಿಂತ ಎಷ್ಟೋ ಕೆಳಗಿದೆ. ಕುಡಿಯುವವರ ಗದ್ದಲ ಹಾಸ್ಟೆಲಿನ ಮೂಲೆಮೂಲೆಗೂ ಕೇಳುತ್ತದೆ. ಊಟ ಮಾಡಿ ಮಲಗಿದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. "ಇದು ಸುಳ್ಳು, ಎಲ್ಲರೂ ಸುಳ್ಳು ಬರೆದಿದ್ದಾರೆ" ಎಂದ. ಈ ಘಟ್ಟದಲ್ಲಿ ಅಂಕಿಅಂಶ ಸಮರ್ಥಿಸಲು ಹೊರಟವರು ಸೋಲುತ್ತಾರೆ. "ನಿಮಗೆ ನಂಬಿಕೆ ಬರ್ತಿಲ್ಲ, ನಿಮ್ಮ ಗುಂಪಿನಲ್ಲಂತೂ ಹೀಗಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದರೆ, ಸ್ವಲ್ಪ ಹೊತ್ತಿಗೆ ಅವನೇ, "ನಾನು ಸೇರೋ ಗುಂಪೇ ಅಂಥದ್ದು ಅಂತ ಕಾಣುತ್ತೆ" ಎನ್ನುತ್ತಾನೆ. ಬೇರೆ ದೇಶದ, ಬೇರೆ ವಯಸ್ಸಿನ ಸಂಖ್ಯೆ ತೋರಿಸಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಹಾಳೆಯನ್ನು ಇಮೇಲ್ ಮಾಡಿದರೂ ಆದೀತಲ್ಲ ಎಂದು ಆಡಳಿತದವರು ಕೇಳುವುದುಂಟು. ಕಂಪ್ಯೂಟರಿನಲ್ಲೇ ಮುಗಿಯುವ ಕಾರ್ಯಕ್ರಮಗಳಿವೆ, ಅಗ್ಗ, ಒಂದಿಷ್ಟು ಫಲವೂ ಇದೆ. ಆದರೆ ಎದುರು ಕೂತಾಗ ನಡೆಯುವುದು ಬೇರೆ. ಹಾಳೆ ಕೆಲಸ ಮಾಡುವುದು ಅದನ್ನು ನೋಡಿ ಅವನ ಬಾಯಿಂದ ಏನು ಬರುತ್ತದೆ ಎಂಬುದರಲ್ಲಿ. ವಿಲಿಯಂ ಮಿಲ್ಲರ್, ಸ್ಟೀಫನ್ ರೋಲ್ನಿಕ್ ರೂಢಿಸಿದ ಪ್ರೇರಣಾ ಸಂದರ್ಶನದ ಜೀವಾಳ ಇದೇ: ಬದಲಾಗಬೇಕೆಂಬ ಕಾರಣವನ್ನು ನಾವು ಹೇಳಿದರೆ ಅವನು ಬದಲಾಗದಿರಲು ಕಾರಣ ಹುಡುಕುತ್ತಾನೆ. ಒಂದು ಪ್ರಶ್ನೆ ಕೇಳಿದರೆ, ಅವನು ಹೇಳಿದ್ದನ್ನು ಎರಡು ಸಲವಾದರೂ ಅವನಿಗೇ ಮರಳಿಸಬೇಕು. ಹೊಸಬರ ಧ್ವನಿಮುದ್ರಿಕೆ ಕೇಳಿದರೆ ಇದು ತಲೆಕೆಳಗಾಗಿರುತ್ತದೆ, ಪ್ರಶ್ನೆಯ ಮೇಲೆ ಪ್ರಶ್ನೆ, ಪೊಲೀಸ್ ಠಾಣೆಯ ಹಾಗೆ.

ಗಾಂಜಾದ ಮಾತು ಕಷ್ಟದ್ದು. ಅಳೆಯಲು ಪೆಗ್ ಇಲ್ಲ, ಜಾಯಿಂಟ್ ಎಷ್ಟು ದಪ್ಪ, ಎಷ್ಟು ಜನ ಹಂಚಿಕೊಂಡರು, ಮತ್ತೇರಿಸುವ ಅಂಶವಾದ ಟಿಎಚ್‌ಸಿ ಎಷ್ಟಿತ್ತು, ಯಾವುದೂ ಖಚಿತವಿಲ್ಲ. ಅಮೆರಿಕದಲ್ಲಿ 2021ರಲ್ಲಿ 5 ಮಿಲಿಗ್ರಾಂ ಟಿಎಚ್‌ಸಿಯನ್ನು ಸಂಶೋಧನೆಗೊಂದು ಮಾನಕವೆಂದು ನಿಗದಿ ಮಾಡಿದರು. ಹಾಸ್ಟೆಲ್ ಕೋಣೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ತಿಂಗಳಿಗೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಮತ್ತಿನಲ್ಲಿ, ದಿನದ ಮೊದಲ ಸೇದು ಎಷ್ಟು ಹೊತ್ತಿಗೆ ಎಂದು ಕೇಳುತ್ತೇವೆ. ತಂಬಾಕು ಬೆರೆಸುತ್ತಾನೆಯೇ ಎಂದೂ ಕೇಳಬೇಕು. ಗಾಂಜಾದ ಚಟವೆಂದುಕೊಂಡದ್ದರಲ್ಲಿ ಅರ್ಧ ನಿಕೋಟಿನ್‌ನದ್ದಿರಬಹುದು.

"ನಿದ್ದೆಗೋಸ್ಕರ ಸೇದ್ತೀನಿ. ಎರಡು ದಿನ ಬಿಟ್ಟು ನೋಡ್ದೆ, ನಿದ್ದೇನೇ ಇಲ್ಲ. ಹಾಗಾದ್ರೆ ನಂಗೆ ಅದು ಬೇಕು ಅಂತ ತಾನೆ?" ಅವನ ತರ್ಕ ಅವನಿಗೆ ಗಟ್ಟಿ. "ಇದರ ಬಗ್ಗೆ ಗೊತ್ತಿರೋದನ್ನ ಹೇಳಬಹುದಾ?" ಎಂದು ಒಪ್ಪಿಗೆ ಕೇಳಿ ಹೇಳಿದ್ದು: ನಿತ್ಯ ಸೇದುವವರು ಬಿಟ್ಟಾಗ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಗೇಡು, ವಿಚಿತ್ರ ಕನಸು ಶುರುವಾಗಿ ಮೊದಲ ವಾರದಲ್ಲೇ ತುತ್ತತುದಿ ಮುಟ್ಟುತ್ತವೆ, ಬಹುಪಾಲು ಎರಡು ವಾರದಲ್ಲಿ ಇಳಿಯುತ್ತವೆ, ನಿದ್ದೆ ಸರಿಹೋಗಲು ಕೆಲವರಿಗೆ ಇನ್ನೂ ತಡ. ಅವನು ಪರೀಕ್ಷಿಸಿದ್ದು ತೊಂದರೆ ಏರುತ್ತಿರುವ ಮೊದಲ ಎರಡು ದಿನಗಳನ್ನಷ್ಟೇ. ಹೇಳಿ ಮುಗಿದ ಮೇಲೆ "ಇದರಿಂದ ಏನನ್ನಿಸುತ್ತೆ?" ಎಂದು ಕೇಳದಿದ್ದರೆ ಅದೂ ಉಪದೇಶವೇ. ಒಪ್ಪಿಕೊಳ್ಳಬೇಕಾದ್ದು, ಈ ಬಗೆಯ ಚುಟುಕು ಸಮಾಲೋಚನೆಗೆ ಮದ್ಯದಲ್ಲಿ ಇರುವಷ್ಟು ಗಟ್ಟಿ ಪುರಾವೆ ಗಾಂಜಾದಲ್ಲಿ ಇಲ್ಲ.

ಕೊನೆಯ 15 ನಿಮಿಷಕ್ಕೆ 0ಯಿಂದ 10ರ ಅಳತೆಪಟ್ಟಿ. ಬದಲಾಗುವುದು ಎಷ್ಟು ಮುಖ್ಯ? "5." "2 ಯಾಕಲ್ಲ?" ಎಂದು ಕೇಳಬೇಕು. "8 ಯಾಕಲ್ಲ?" ಎಂದರೆ ನೆಪಗಳ ಪಟ್ಟಿ ಬರುತ್ತದೆ, 2ರ ಪ್ರಶ್ನೆಗೆ, "ಹೋದ ತಿಂಗಳು ರೂಮಿಗೆ ಹೇಗೆ ಬಂದೆ ಅನ್ನೋದೇ ಗೊತ್ತಿಲ್ಲ, ಅದು ಹೆದರಿಕೆ ಹುಟ್ಟಿಸ್ತು" ಎಂಬುದು ಬಂತು. ಆ ಒಂದು ವಾಕ್ಯ ನಮ್ಮ ಚಾರ್ಟುಗಳನ್ನೆಲ್ಲ ಮೀರಿಸಿದ್ದು.

"ಕಡಿಮೆ ಮಾಡ್ತೀನಿ" ಎಂಬುದು ಯೋಜನೆಯಲ್ಲ. ಅವನ ಯೋಜನೆ ಹೀಗಾಯಿತು: ವಾರದಲ್ಲಿ ಶನಿವಾರ ಮಾತ್ರ, ಊಟವಾದ ಮೇಲೆ, ಅಳತೆ ಮುಚ್ಚಳದಲ್ಲಿ 30 ಮಿಲಿಯಂತೆ ಮೂರು, 11ಕ್ಕೆ ಬಂದ್, ಅವತ್ತು ಗಾಂಜಾ ಇಲ್ಲ. ಎರಡೂ ಸೇರಿದರೆ ರಕ್ತದಲ್ಲಿ ಟಿಎಚ್‌ಸಿ ಇನ್ನಷ್ಟು ಏರುತ್ತದೆ. ಇದು ಮುರಿಯುವ ಜಾಗ ಸಾಮಾನ್ಯವಾಗಿ ಒಂದೇ: ಲೋಟ ಅರ್ಧ ಇರುವಾಗ ಗೆಳೆಯ ತುಂಬಿಸುತ್ತಾನೆ, ಎಣಿಕೆ ಹೋಯಿತು. ಆದ್ದರಿಂದ ಖಾಲಿಯಾಗದ ಲೋಟಕ್ಕೆ ಯಾರೂ ಸುರಿಯಕೂಡದು ಎಂಬುದನ್ನೂ ಬರೆದುಕೊಂಡ.

ಬೆಳಗ್ಗೆ ಕೈ ನಡುಗುವವರಿಗೆ, ಬಿಟ್ಟಾಗ ಫಿಟ್ಸ್ ಬಂದಿದ್ದವರಿಗೆ, ಇಲ್ಲದ ದನಿ ಕೇಳುವವರಿಗೆ, ಸಾಯುವ ಯೋಚನೆ ಇರುವವರಿಗೆ ಇದಾವುದೂ ಸಲ್ಲದು. ನಿತ್ಯ ಹೆಚ್ಚು ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಅವರನ್ನು ಅದೇ ದಿನ ವೈದ್ಯರ ಹತ್ತಿರ ಕರೆದೊಯ್ಯಬೇಕು.

ಈ ಭೇಟಿಗಳ ಪರಿಣಾಮ ಸಣ್ಣದು, ತಿಂಗಳುಗಳು ಕಳೆದಂತೆ ಕರಗುತ್ತದೆ. ಅದಕ್ಕೇ ಒಂದು ತಿಂಗಳಿಗೆ, ಮೂರು ತಿಂಗಳಿಗೆ ಫೋನ್. ಆಗ ಕುಡಿತದ ಜೊತೆ ಗಾಂಜಾವನ್ನೂ ಕೇಳುತ್ತೇವೆ; ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿಕೊಂಡವರು ತಾವಾಗಿ ಹೇಳುವುದಿಲ್ಲ. ಶಿಸ್ತು ಸಮಿತಿಗೆ ಹೋಗುವ ಪತ್ರದಲ್ಲಿ ಎರಡು ತಾರೀಕು ಮತ್ತು ‘ಹಾಜರಾಗಿದ್ದಾರೆ’ ಎಂಬ ಪದ, ಅಷ್ಟೇ. ಅಂಕ, ಕ್ಯಾಲೆಂಡರ್, ಯೋಜನೆ ಯಾವುದೂ ಆ ಲಕೋಟೆಗೆ ಸೇರುವುದಿಲ್ಲ. ಸಹಿ ಹಾಕುವ ಮುನ್ನ ಅದನ್ನು ಅವನ ಕೈಗೇ ಕೊಟ್ಟು ಓದಿಸುತ್ತೇವೆ.